ಜೂನಿಯರ್‌ನಲ್ಲಿ 14 ಗೋಲು, ಸೀನಿಯರ್‌ನಲ್ಲಿ ಸೊನ್ನೆ: ತಮ್ಮನನ್ನು ವಾಪಸ್ ಕರೆಸಿಕೊಳ್ಳಲೇ?

ಪ್ರಶ್ನೆ

ಸರ್, ನಾವು ಕೊಡಗಿನವರು. ನನ್ನ ತಮ್ಮನಿಗೆ ಈಗ 19 ವರ್ಷ. ಹನ್ನೆರಡನೇ ವಯಸ್ಸಿಗೇ ಹಾಕಿ ಆಡಲು ಸ್ಪೋರ್ಟ್ಸ್ ಹಾಸ್ಟೆಲ್ ಸೇರಿದ. ಹದಿನಾಲ್ಕಕ್ಕೆಲ್ಲ ಅಪ್ಪನ ಎತ್ತರ ಬೆಳೆದು ನಿಂತಿದ್ದ, ಮೈದಾನದಲ್ಲಿ ಯಾರ ಕೈಗೂ ಸಿಗುತ್ತಿರಲಿಲ್ಲ. ಜೂನಿಯರ್ ತಂಡದಲ್ಲಿ ಅವನೇ ಸೆಂಟರ್ ಫಾರ್ವರ್ಡ್, ಪೆನಾಲ್ಟಿ ಕಾರ್ನರ್ (ಗೋಲಿನ ಹತ್ತಿರ ಎದುರಾಳಿ ತಪ್ಪು ಮಾಡಿದಾಗ ಸಿಗುವ ಅವಕಾಶ) ಸಿಕ್ಕರೆ ಡ್ರ್ಯಾಗ್ ಫ್ಲಿಕ್ ಮಾಡುವವನೂ, ಅಂದರೆ ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿಗೆ ಚಿಮ್ಮಿಸುವವನೂ, ಅವನೇ. ಕೊನೆಯ ಸೀಸನ್‌ನಲ್ಲಿ 14 ಗೋಲು ಹೊಡೆದ. ಅದನ್ನು ನೋಡಿಯೇ ಬೆಂಗಳೂರಿನ ಒಂದು ಇಲಾಖೆಯ ತಂಡದವರು ಸ್ಟೈಪೆಂಡ್ ಕೊಟ್ಟು ಕರೆದುಕೊಂಡರು. ಅಲ್ಲಿ 11 ಮ್ಯಾಚ್ ಆಯಿತು, ಒಂದೂ ಗೋಲಿಲ್ಲ. ಆರೇಳು ನಿಮಿಷ ಆಡಿಸಿ ಹೊರಗೆ ಕರೆಯುತ್ತಾರೆ. ಎರಡು ತಿಂಗಳಿಂದ ಫಾರ್ವರ್ಡ್ ಸಾಲಿನ ಹಿಂದೆ ಬಲಬದಿಗೆ, ರೈಟ್ ಹಾಫ್‌ನಲ್ಲಿ ನಿಲ್ಲಿಸುತ್ತಿದ್ದಾರೆ. ಅಪ್ಪ ತಮ್ಮ ಕಾಲದಲ್ಲಿ ಜಿಲ್ಲೆಗೆ ಆಡಿದವರು. ಇದು ಅವಮಾನ ಅಂತ ಕೋಚ್‌ಗೆ ಫೋನ್ ಮಾಡಿ ಜಗಳ ತೆಗೆದರು. "ಮೊದಲು ಫ್ಲಿಕ್ ಗಟ್ಟಿ ಮಾಡ್ಕೋ, ಗೋಲು ತಾನಾಗಿ ಬರುತ್ತೆ" ಅಂತ ಅವನಿಗೂ ಹೇಳಿದರು. ಅಂದಿನಿಂದ ದಿನಾ ಪ್ರಾಕ್ಟೀಸ್ ಮುಗಿದ ಮೇಲೆ ಒಬ್ಬನೇ ನಿಂತು ಅರವತ್ತು ಎಪ್ಪತ್ತು ಫ್ಲಿಕ್ ಹೊಡೆಯುತ್ತಾನಂತೆ. ಬೆಳಿಗ್ಗೆ ಏಳುವಾಗ ಸೊಂಟ ಹಿಡಿದಿರುತ್ತೆ ಅಂತಾನೆ. ಅದು ಬಿಟ್ಟರೆ ಫೋನಿನಲ್ಲಿ ಮಾತೇ ಇಲ್ಲ.

ಕೊಡವ ಕುಟುಂಬಗಳು ತಂಡ ಕಟ್ಟಿ ಆಡುವ ಕೌಟುಂಬಿಕ ಹಾಕಿಯಲ್ಲಿ ಇವನ ಆಟ ನೋಡಿದ ನೆಂಟರು "ಊರಲ್ಲಿ ಹುಲಿ, ಬೆಂಗಳೂರಲ್ಲಿ ಯಾಕೆ ಹೀಗಾದ? ಕೋಚ್‌ಗೆ ಬೇಕಾದವರು ಬೇರೆ ಇರಬೇಕು" ಅಂತಾರೆ. ಇಪ್ಪತ್ತರೊಳಗೆ ಹೆಸರು ಮಾಡದವನು ಆಮೇಲೆ ಮಾಡಲ್ಲ ಅನ್ನುವವರೂ ಇದ್ದಾರೆ. ವಾಪಸ್ ಬಂದು ಡಿಗ್ರಿ ಮುಗಿಸಲಿ ಅನ್ನೋದು ಅಮ್ಮನ ಮಾತು, ಬೇರೆ ಅಕಾಡೆಮಿಗೆ ಹಾಕೋಣ ಅನ್ನೋದು ಅಪ್ಪನ ಮಾತು. ಮನೆಯಲ್ಲಿ ದುಡಿಯುವವಳು ನಾನು, ತೀರ್ಮಾನವೂ ನನ್ನ ತಲೆಗೇ ಬಂದಿದೆ. ಅವನಲ್ಲಿ ನಿಜವಾಗಿ ಆಟ ಇದೆಯಾ, ಇಲ್ಲಾ ಜೂನಿಯರ್‌ನಲ್ಲಷ್ಟೇ ಮಿಂಚುವವನಾ?

ಉತ್ತರ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ತಮ್ಮನ ಆಟದ ಬಗ್ಗೆ, ಕೋಚ್ ಬಗ್ಗೆ, ಅವನನ್ನು ವಾಪಸ್ ಕರೆಸುವ ಬಗ್ಗೆ. ನನ್ನ ಕಣ್ಣು ಮಾತ್ರ ನೀವು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೆದ ಒಂದು ಸಾಲಿನ ಮೇಲೆ ನಿಂತುಬಿಟ್ಟಿತು: ಬೆಳಿಗ್ಗೆ ಏಳುವಾಗ ಸೊಂಟ ಹಿಡಿದಿರುತ್ತೆ. ಅದಕ್ಕೊಂದು ಉತ್ತರ ಸಿಗದೆ ಬೇರೇನೂ ತೀರ್ಮಾನ ಮಾಡಬೇಡಿ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಹಾಕಿ ಬಗ್ಗಿ ಆಡುವ ಆಟ. ಅದರಲ್ಲೂ ಡ್ರ್ಯಾಗ್ ಫ್ಲಿಕ್ ಬೆನ್ನಿಗೆ ಕೊಡುವ ಹಿಂಸೆ ಬೇರಾವ ಹೊಡೆತವೂ ಕೊಡುವುದಿಲ್ಲ. ಎಡಗಾಲನ್ನು ದೂರಕ್ಕೆ ಊರಿ, ಸೊಂಟವನ್ನು ನೆಲದ ಹತ್ತಿರ ಇಳಿಸಿ, ಹಿಂದಿನ ಕಾಲಿನ ಬಳಿಯಿಂದ ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡಂತೆ ಎಳೆದು ತಂದು, ಇಡೀ ಮೈಯನ್ನು ಒಂದೇ ಏಟಿಗೆ ತಿರುಚಿ ಬಿಡಬೇಕು. ಮ್ಯಾಚಿನಲ್ಲಿ ಇದು ನಾಲ್ಕೈದು ಸಲ ಬರಬಹುದು. ನಿಮ್ಮ ತಮ್ಮ ಅದನ್ನು ದಿನಕ್ಕೆ ಎಪ್ಪತ್ತು ಸಲ ಮಾಡುತ್ತಿದ್ದಾನೆ. ಅದೂ ಎರಡು ಗಂಟೆ ಪ್ರಾಕ್ಟೀಸ್ ಮುಗಿಸಿ ಸೊಂಟದ ಸ್ನಾಯುಗಳು ಸೋತು ಹೋದ ಮೇಲೆ, ತಪ್ಪು ಹೇಳಲು ಪಕ್ಕದಲ್ಲಿ ಯಾರೂ ಇಲ್ಲದೆ. ಸ್ನಾಯು ಸೋತಾಗ ಆ ತಿರುಚುವಿಕೆಯ ಭಾರವೆಲ್ಲ ಎಲುಬಿಗೆ ಹೋಗುತ್ತದೆ.

ಬೆನ್ನುಮೂಳೆಯ ಕೆಳಗಿನ ಮಣಿಗಳ ಹಿಂಭಾಗದಲ್ಲಿ ಸಣ್ಣ ಸೇತುವೆಯಂಥ ಎಲುಬಿರುತ್ತದೆ. ಇಪ್ಪತ್ತರ ಆಸುಪಾಸಿನ ಆಟಗಾರರಲ್ಲಿ, ಬೆನ್ನನ್ನು ಮತ್ತೆ ಮತ್ತೆ ತಿರುಚಿ ಬಳುಕಿಸುವವರಲ್ಲಿ, ಅಲ್ಲಿ ಕೂದಲೆಳೆಯಂಥ ಬಿರುಕು ಬೀಳುವುದುಂಟು. ಕ್ರಿಕೆಟ್ಟಿನ ವೇಗದ ಬೌಲರ್‌ಗಳಿಗೆ ಬರುವ ಸ್ಟ್ರೆಸ್ ಫ್ರ್ಯಾಕ್ಚರ್ ಅಂದರೆ ಬಹಳ ಸಲ ಇದೇ. 2019ರಲ್ಲಿ ಬೂಮ್ರಾ ತಂಡದಿಂದ ಹೊರಗುಳಿದದ್ದೂ ಕೆಳಬೆನ್ನಿನ ಇಂಥ ಗಾಯದಿಂದ. ನಿಮ್ಮ ತಮ್ಮನಿಗೆ ಅದೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ನಾನು ಕೋಚ್, ಡಾಕ್ಟರಲ್ಲ. ಬರೀ ಸ್ನಾಯು ಹಿಡಿತವೂ ಆಗಿರಬಹುದು. ಆದರೆ ಹಿಂದಕ್ಕೆ ಬಾಗಿದಾಗ ನೋವು ಹೆಚ್ಚಾಗುತ್ತದೆಯೇ, ಆಡಿದ ಮೇಲೆ ಹೆಚ್ಚಿ ಒಂದೆರಡು ದಿನ ಬಿಟ್ಟರೆ ಕಡಿಮೆಯಾಗುತ್ತದೆಯೇ, ಒಂದೇ ಪಕ್ಕಕ್ಕೆ ಇದೆಯೇ ಎಂದು ಅವನನ್ನು ಇವತ್ತೇ ಕೇಳಿ. ಹೌದು ಅಂದರೆ ಈ ವಾರದಲ್ಲೇ ಕ್ರೀಡಾ ಗಾಯಗಳನ್ನು ನೋಡುವ ವೈದ್ಯರ ಬಳಿ ಹೋಗಲಿ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೇ ಹೋಗಬಹುದು, ಎಂಆರ್‌ಐ ಬೇಕಾಗಬಹುದು. ಬೇಗ ಗೊತ್ತಾದರೆ ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸು ಆಟ ನಿಲ್ಲಿಸಿ, ಆಮೇಲೆ ಸೊಂಟವನ್ನು ಗಟ್ಟಿ ಮಾಡಿಕೊಂಡು ವಾಪಸ್ ಬರಬಹುದು. ನೋವಿನ ಮಾತ್ರೆ ನುಂಗಿ ಆಡುತ್ತಾ ಹೋದರೆ ಮೂರು ತಿಂಗಳಲ್ಲಿ ಮುಗಿಯುವುದು ಮೂರು ವರ್ಷ ಕಾಡುತ್ತದೆ. ಕಾಲಿಗೆ ಜೋಮು ಹಿಡಿಯುವುದು, ಶಕ್ತಿ ಇಲ್ಲದಂತಾಗುವುದು ಇದ್ದರಂತೂ ಒಂದು ದಿನವೂ ಕಾಯಬೇಡಿ.

ಫ್ಲಿಕ್ ಇವತ್ತಿಂದಲೇ ನಿಲ್ಲಲಿ. ಅಪ್ಪನಿಗೆ ಬೇಸರವಾಗುತ್ತದೆ, ಆಗಲಿ.

ಈಗ ಆ ಸೊನ್ನೆ ಗೋಲಿನ ವಿಚಾರ. ಜೂನಿಯರ್‌ನಲ್ಲಿ 14 ಗೋಲು ಅಂದಿರಲ್ಲ, ಅದರಲ್ಲಿ ಪೆನಾಲ್ಟಿ ಕಾರ್ನರ್‌ನಿಂದ ಬಂದವು ಎಷ್ಟು? ತಂಡದ ಏಕೈಕ ಫ್ಲಿಕ್ಕರ್ ಅವನೇ ಆಗಿದ್ದರೆ ಎಂಟೋ ಒಂಬತ್ತೋ ಅಲ್ಲಿಂದಲೇ ಬಂದಿರಬಹುದು. ಮಿಕ್ಕವು ಓಡುತ್ತಾ ಹೊಡೆದ ಫೀಲ್ಡ್ ಗೋಲುಗಳು. ಹೊಸ ತಂಡದಲ್ಲಿ ಅವನಿಗಿಂತ ಮುಂಚೆಯೇ ಒಬ್ಬರೋ ಇಬ್ಬರೋ ಫ್ಲಿಕ್ಕರ್‌ಗಳು ಸಾಲಿನಲ್ಲಿ ನಿಂತಿರುತ್ತಾರೆ. ನಿನ್ನೆ ಬಂದ ಹುಡುಗನ ಕೈಗೆ ಪೆನಾಲ್ಟಿ ಕಾರ್ನರ್ ಯಾರೂ ಕೊಡುವುದಿಲ್ಲ. ಅಂದರೆ ಅವನ ಗೋಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಅವನ ಆಟ ಒಂದಿಷ್ಟೂ ಕೆಡದೆಯೇ, ಲೆಕ್ಕದಿಂದ ಮಾಯವಾಗಿರಬಹುದು. ಇದನ್ನು ಮನೆಯಲ್ಲಿ ಯಾರೂ ಕೂತು ಕೂಡಿ ಕಳೆದು ನೋಡಿಲ್ಲ ಅನಿಸುತ್ತದೆ.

ಇಲ್ಲೊಂದು ಉದಾಹರಣೆ, ಅದರಲ್ಲಿ ನಿಮ್ಮ ಜಿಲ್ಲೆಯವರೂ ಒಬ್ಬರಿದ್ದಾರೆ. 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ 20 ವರ್ಷದ ಹರ್ಮನ್‌ಪ್ರೀತ್ ಸಿಂಗ್ ಇದ್ದರು. ಡಿಫೆಂಡರ್, ಜೊತೆಗೆ ಡ್ರ್ಯಾಗ್ ಫ್ಲಿಕ್ಕರ್. ಇಡೀ ಟೂರ್ನಿಯಲ್ಲಿ ಅವರು ಹೊಡೆದ ಗೋಲು ಸೊನ್ನೆ. ಅವರ ಮುಂದೆ ಸಾಲಿನಲ್ಲಿ ಇದ್ದವರು ಕೊಡಗಿನ ವಿ.ಆರ್. ರಘುನಾಥ್ ಮತ್ತು ರೂಪಿಂದರ್ ಪಾಲ್ ಸಿಂಗ್. ಅಂಥ ಇಬ್ಬರು ಇರುವಾಗ ಹೊಸಬನಿಗೆ ಸರದಿ ಎಲ್ಲಿಂದ ಬರಬೇಕು? ಒಲಿಂಪಿಕ್ಸ್ ಮುಗಿದ ನಾಲ್ಕೇ ತಿಂಗಳಿಗೆ, ಅದೇ ಡಿಸೆಂಬರ್‌ನಲ್ಲಿ, ಹರ್ಮನ್‌ಪ್ರೀತ್ ಲಖನೌದಲ್ಲಿ ಜೂನಿಯರ್ ವಿಶ್ವಕಪ್ ಆಡಿದರು. ಭಾರತ ಫೈನಲ್‌ನಲ್ಲಿ ಬೆಲ್ಜಿಯಂ ತಂಡವನ್ನು 2–1ರಿಂದ ಸೋಲಿಸಿ ಕಪ್ ಗೆದ್ದಿತು. ಒಲಿಂಪಿಕ್ಸ್ ಆಡಿ ಬಂದವನು ಮತ್ತೆ ಜೂನಿಯರ್ ಆಡುವುದೇ ಎಂದು ಯಾರೂ ಮೂಗು ಮುರಿಯಲಿಲ್ಲ. ಮುಂದೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರದು 6 ಗೋಲು, 2024ರ ಪ್ಯಾರಿಸ್‌ನಲ್ಲಿ ನಾಯಕನಾಗಿ 10 ಗೋಲು. ಆ ಕೂಟದಲ್ಲಿ ಅವರಿಗಿಂತ ಹೆಚ್ಚು ಗೋಲು ಹೊಡೆದವರಿಲ್ಲ.

ಇಪ್ಪತ್ತರೊಳಗೆ ಎಲ್ಲ ತೀರ್ಮಾನವಾಗುತ್ತದೆ ಅನ್ನುವ ನೆಂಟರಿಗೆ ಇನ್ನೆರಡು ಹೆಸರು ಹೇಳಿ. ಸೋಮವಾರಪೇಟೆಯ ಎಸ್.ವಿ. ಸುನಿಲ್ 2007ರಲ್ಲಿ ಭಾರತಕ್ಕೆ ಆಡಲು ಶುರು ಮಾಡಿದವರು, ಏಷ್ಯಾದ ವರ್ಷದ ಆಟಗಾರ ಅನಿಸಿಕೊಂಡದ್ದು 2016ಕ್ಕೆ, ತಮ್ಮ 27ನೇ ವಯಸ್ಸಿನಲ್ಲಿ. ಗೋಲ್‌ಕೀಪರ್ ಶ್ರೀಜೇಶ್ 2006ರಲ್ಲೇ ಸೀನಿಯರ್ ತಂಡಕ್ಕೆ ಬಂದರೂ ಮೊದಲ ಆಯ್ಕೆಯ ಕೀಪರ್ ಆಗಿ ನೆಲೆ ನಿಲ್ಲಲು ಐದು ವರ್ಷದಷ್ಟು ಕಾಯಬೇಕಾಯಿತು. 2012ರಲ್ಲಿ ಲಂಡನ್‌ನಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಭಾರತ 12 ತಂಡಗಳ ಪೈಕಿ ಕೊನೆಯ ಸ್ಥಾನಕ್ಕೆ ಬಿದ್ದಾಗ ಆ ತಂಡದಲ್ಲಿ ಅವರೂ ಇದ್ದರು. ಆಮೇಲಿನ ಎರಡು ಒಲಿಂಪಿಕ್ ಕಂಚು ಎಲ್ಲರಿಗೂ ಗೊತ್ತು.

ಆದರೆ ಈ ಕಥೆಗಳನ್ನು ನಿಮಗೆ ಸಮಾಧಾನ ಮಾಡಲು ಹೇಳಿ ಸುಮ್ಮನಾದರೆ ಅದು ಮೋಸ. ಗೆದ್ದವರ ಹೆಸರು ಮಾತ್ರ ನಮಗೆ ನೆನಪಿರುತ್ತದೆ. ಲಖನೌದಲ್ಲಿ ಕಪ್ ಎತ್ತಿದ ಆ ಜೂನಿಯರ್ ತಂಡದ ಎಲ್ಲರೂ ಸೀನಿಯರ್ ತಂಡದಲ್ಲಿ ನೆಲೆ ನಿಲ್ಲಲಿಲ್ಲ. ನನ್ನ ಕೈಯಲ್ಲಿ ಪಳಗಿದ ಹುಡುಗ ಹುಡುಗಿಯರಲ್ಲೂ ಅಷ್ಟೆ. ಮೊದಲ ವರ್ಷ ಸೋತವರು ಎಲ್ಲ ಎದ್ದಿಲ್ಲ, ಮೊದಲ ವರ್ಷ ಮಿಂಚಿದವರು ಎಲ್ಲ ಉಳಿದಿಲ್ಲ. ಮೊದಲ ವರ್ಷದ ಗೋಲಿನ ಲೆಕ್ಕ ನೋಡಿ ಭವಿಷ್ಯ ಹೇಳಲು ಆಗದು ಅನ್ನುವುದಷ್ಟೇ ಇದರಿಂದ ತಿಳಿಯಬೇಕಾದದ್ದು.

ಹಾಗಾದರೆ ಸಮಸ್ಯೆಯೇ ಇಲ್ಲವೇ? ಇದೆ. ಅದು ಹದಿನಾಲ್ಕನೇ ವಯಸ್ಸಿನಲ್ಲೇ ಶುರುವಾಗಿದೆ. ಅಪ್ಪನ ಎತ್ತರ ಬೆಳೆದು ನಿಂತಿದ್ದ ಅಂದಿರಿ. ಬೇಗ ಬೆಳೆದ ಹುಡುಗ ಇನ್ನೂ ಬೆಳೆಯದ ಹುಡುಗರ ನಡುವೆ ಬರೀ ಓಟದಿಂದ, ಭುಜದ ಬಲದಿಂದ ಗೆಲ್ಲುತ್ತಾನೆ. ಗೆಲ್ಲುತ್ತಿರುವವನಿಗೆ ಬೇರೆ ಏನೂ ಕಲಿಯುವ ಅಗತ್ಯ ಬೀಳುವುದಿಲ್ಲ, ನಮ್ಮಂಥ ಕೋಚ್‌ಗಳು ಕಲಿಸುವುದೂ ಇಲ್ಲ, ಕಪ್ ಬರುತ್ತಿದೆಯಲ್ಲ! 1985ರಲ್ಲಿ ಕೆನಡಾದ ಐಸ್ ಹಾಕಿ ಆಟಗಾರರು ಹುಟ್ಟಿದ ತಿಂಗಳುಗಳನ್ನು ಲೆಕ್ಕ ಹಾಕಿದವರಿಗೆ ಒಂದು ವಿಚಿತ್ರ ಕಂಡಿತು. ಆಯ್ಕೆಯಾದವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ವಯೋಮಿತಿಯಲ್ಲಿ ಆಡುತ್ತಾರೆ, ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಬೆಳವಣಿಗೆಯ ಅಂತರ. ದೊಡ್ಡವನಾಗಿ ಕಾಣುವವನನ್ನು ನಾವು ಪ್ರತಿಭಾವಂತ ಅಂದುಕೊಳ್ಳುತ್ತೇವೆ. ಸೀನಿಯರ್‌ಗೆ ಬಂದಾಗ ಎಲ್ಲರೂ ಬೆಳೆದಿರುತ್ತಾರೆ. ಎದುರಿಗೆ ನಿಲ್ಲುವ ಡಿಫೆಂಡರ್‌ಗೆ 28 ವರ್ಷ, ಹತ್ತು ವರ್ಷ ಇದನ್ನೇ ಮಾಡಿಕೊಂಡು ಬಂದವನು. ಭುಜಕ್ಕೆ ಭುಜ ಕೊಟ್ಟರೆ ಅವನು ಅಲ್ಲಾಡುವುದಿಲ್ಲ.

ಇಲ್ಲಿ ಕೈಗೆ ಸಿಗದೆ ಹೋಗುವುದು ಸಮಯ. ಜೂನಿಯರ್‌ನಲ್ಲಿ ಹುಡುಗರು ಚೆಂಡನ್ನು ಟ್ರ್ಯಾಪ್ ಮಾಡುತ್ತಾರೆ, ಅಂದರೆ ಸ್ಟಿಕ್ಕಿನಿಂದ ತಡೆದು ನಿಲ್ಲಿಸುತ್ತಾರೆ, ಆಮೇಲೆ ತಲೆ ಎತ್ತುತ್ತಾರೆ, ಆಮೇಲೆ ಯೋಚಿಸುತ್ತಾರೆ. ಸೀನಿಯರ್ ಟರ್ಫಿನಲ್ಲಿ ತಲೆ ಎತ್ತುವಷ್ಟರಲ್ಲಿ ಚೆಂಡು ಇರುವುದಿಲ್ಲ. ಚೆಂಡು ಬರುವ ಮೊದಲೇ ಎರಡು ಭುಜದ ಹಿಂದೆ ನೋಡಿಕೊಂಡಿರಬೇಕು. ಮೊದಲ ಸ್ಪರ್ಶದಲ್ಲೇ ಚೆಂಡು ಮುಂದೆ ಹೋಗಬೇಕಾದ ದಿಕ್ಕಿಗೆ ತಿರುಗಿರಬೇಕು. ನಾನು ಹುಡುಗರಿಗೆ ಒಂದು ಸಣ್ಣ ಆಟ ಆಡಿಸುತ್ತೇನೆ. ಒಬ್ಬ ಪಾಸ್ ಕೊಡುತ್ತಾನೆ, ಇನ್ನೊಬ್ಬ ಬೆನ್ನ ಹಿಂದೆ ನಿಂತು ಬೆರಳು ತೋರಿಸುತ್ತಾನೆ. ಚೆಂಡು ಸ್ಟಿಕ್ಕಿಗೆ ತಾಗುವ ಮೊದಲು ಎಷ್ಟು ಬೆರಳು ಅಂತ ಕೂಗಿ ಹೇಳಬೇಕು. ಮೊದಲ ವಾರ ದೊಡ್ಡ ದೊಡ್ಡ ಗೋಲು ವೀರರೂ ಟ್ರ್ಯಾಪ್ ತಪ್ಪುತ್ತಾರೆ. ಮೂರು ತಿಂಗಳಿಗೆ ಕುತ್ತಿಗೆ ತಾನಾಗಿ ತಿರುಗಲು ಕಲಿಯುತ್ತದೆ. ಇದಕ್ಕೆ ಸೊಂಟ ಬಗ್ಗಿಸಬೇಕಿಲ್ಲ, ವೈದ್ಯರು ಬೇಡ ಅನ್ನದಿದ್ದರೆ ವಿಶ್ರಾಂತಿಯ ಕಾಲದಲ್ಲಿ ನಿಂತಲ್ಲೇ ಟೆನಿಸ್ ಚೆಂಡು ಕೈಯಲ್ಲಿ ಹಿಡಿಯುತ್ತಾ ಮಾಡಬಹುದು.

ಕೌಟುಂಬಿಕ ಹಾಕಿಯ ಮಾತು ಇಲ್ಲಿಗೇ ಸೇರುತ್ತದೆ. 1997ರಲ್ಲಿ ಕರಡದಲ್ಲಿ ಶುರುವಾದ ಆ ಹಬ್ಬದ ಬಗ್ಗೆ ನನಗೆ ಅಪಾರ ಗೌರವವಿದೆ. ಅಜ್ಜ ಮೊಮ್ಮಗ ಒಂದೇ ತಂಡದಲ್ಲಿ ಆಡುವ ಟೂರ್ನಿ ಬೇರೆಲ್ಲಿದೆ? 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಸೇರಿ ಗಿನ್ನೆಸ್ ದಾಖಲೆಯೇ ಆಯಿತು. ಆದರೆ ತರಬೇತಿ ಪಡೆದ ಹುಡುಗ ಅಲ್ಲಿ ಹುಲಿಯಂತೆ ಕಾಣುವುದು ಸಹಜ. ಅವನಿಗೆ ಅಲ್ಲಿ ಸಮಯ ಧಾರಾಳವಾಗಿ ಸಿಗುತ್ತದೆ. ಅದನ್ನು ನೋಡಿ ಇಲಾಖೆ ತಂಡದ ಆಟವನ್ನು ಅಳೆಯಬೇಡಿ.

ಆರೇಳು ನಿಮಿಷಕ್ಕೆ ಹೊರಗೆ ಕರೆಯುತ್ತಾರೆ ಅನ್ನುವುದರ ಬಗ್ಗೆ ಅಪ್ಪನಿಗೆ ಒಂದು ಮಾತು. ಅವರು ಆಡಿದ ಕಾಲದಲ್ಲಿ 35 ನಿಮಿಷದ ಎರಡು ಅವಧಿ, ಹೊರಗೆ ಬಂದವನು ಮತ್ತೆ ಒಳಗೆ ಹೋಗುವಂತಿರಲಿಲ್ಲ. ಆಗ ಹೊರಗೆ ಕರೆದರೆ ಅದು ನಿಜಕ್ಕೂ ಅವಮಾನವೇ. 1992ರಲ್ಲಿ ರೋಲಿಂಗ್ ಸಬ್‌ಸ್ಟಿಟ್ಯೂಷನ್ ಬಂತು, ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಈಗಂತೂ 15 ನಿಮಿಷದ ನಾಲ್ಕು ಕ್ವಾರ್ಟರ್. ಫಾರ್ವರ್ಡ್ ಆದವನು ಆರು ನಿಮಿಷ ಉಸಿರು ಬಿಗಿಹಿಡಿದು ಓಡಿ, ಹೊರಗೆ ಬಂದು ಸುಧಾರಿಸಿಕೊಂಡು, ಮತ್ತೆ ಹೋಗುತ್ತಾನೆ. ವಿಶ್ವದ ದೊಡ್ಡ ತಂಡಗಳ ಫಾರ್ವರ್ಡ್‌ಗಳೂ ಹೀಗೇ ಆಡುವುದು. ಹಾಗಾಗಿ ತಮ್ಮನನ್ನು ಕೇಳಬೇಕಾದ್ದು ಬೇರೆ: ಒಂದು ಮ್ಯಾಚಿನಲ್ಲಿ ಎಷ್ಟು ಸಲ ಒಳಗೆ ಹೋಗುತ್ತೀಯ? ಆರೇಳು ನಿಮಿಷದ ಮೂರ್ನಾಲ್ಕು ಸರದಿ ಇದ್ದರೆ ಒಟ್ಟು ಇಪ್ಪತ್ತು ಇಪ್ಪತ್ತೈದು ನಿಮಿಷ ಆಯಿತು, ಮೊದಲ ವರ್ಷದವನಿಗೆ ಚೆನ್ನಾಗಿಯೇ ಸಿಗುತ್ತಿದೆ. ಇಡೀ ಮ್ಯಾಚಿಗೆ ಒಂದೇ ಸರದಿ ಅಂದರೆ ಮಾತ್ರ ಯೋಚಿಸಬೇಕು.

ರೈಟ್ ಹಾಫ್‌ಗೆ ಇಳಿಸಿದ್ದು ಶಿಕ್ಷೆಯೇ? ಆಗಿರಬಹುದು, ಆಗಿರಲಿಕ್ಕಿಲ್ಲ. ನನ್ನ ಅನುಭವದಲ್ಲಿ ಬೇಡವಾದ ಹುಡುಗನಿಗೆ ಹೊಸ ಜಾಗ ಕಲಿಸುವ ತೊಂದರೆ ಯಾವ ಕೋಚೂ ತೆಗೆದುಕೊಳ್ಳುವುದಿಲ್ಲ, ಬೆಂಚಿನ ಮೇಲೆ ಕೂರಿಸಿ ಮರೆತುಬಿಡುತ್ತಾನೆ. ರೈಟ್ ಹಾಫ್‌ನಲ್ಲಿ ಇಡೀ ಮೈದಾನ ಕಣ್ಣ ಮುಂದೆ ಇರುತ್ತದೆ. ಒಂದು ಪಕ್ಕಕ್ಕೆ ಸೈಡ್‌ಲೈನ್ ಇರುವುದರಿಂದ ಎದುರಾಳಿ ಬರುವ ದಿಕ್ಕುಗಳು ಕಡಿಮೆ. ಚೆಂಡು ಕೊಡುವವನಿಗೆ ಮುಂದಿನವನು ಎಲ್ಲಿ ಓಡಿದರೆ ಅನುಕೂಲ ಅನ್ನುವುದು ಅಲ್ಲಿ ನಿಂತಾಗಲೇ ಅರ್ಥವಾಗುವುದು. ಹಾಗೆಂದು ಕೋಚ್ ಹೇಳಿದ್ದೆಲ್ಲ ಸರಿ ಅನ್ನಲಾರೆ. ಕೆಲವು ವರ್ಷದ ಹಿಂದೆ ನಾನೇ ಒಬ್ಬ ಹುಡುಗಿಯನ್ನು ಫಾರ್ವರ್ಡ್‌ನಿಂದ ಹಾಫ್‌ಗೆ ತಂದೆ. ಯಾಕೆ ಎಂದು ಅವಳಿಗೆ ಹೇಳಲಿಲ್ಲ, ಹೇಳಬೇಕು ಅಂತಲೂ ಹೊಳೆಯಲಿಲ್ಲ. ತನ್ನನ್ನು ಹೊರಗೆ ಹಾಕಲು ನೆಪ ಹುಡುಕುತ್ತಿದ್ದಾರೆ ಎಂದುಕೊಂಡು ಒಂದೂವರೆ ವರ್ಷ ಹೆದರುತ್ತಲೇ ಆಡಿದಳು. ಕೊನೆಗೆ ಬೇರೆ ತಂಡಕ್ಕೆ ಹೋಗಿ, ತನ್ನ ಹಳೆಯ ಜಾಗದಲ್ಲೇ ಆಡಿ ರಾಜ್ಯ ತಂಡಕ್ಕೆ ಬಂದಳು. ಅವಳಿಗೆ ಎರಡು ನಿಮಿಷ ವಿವರಿಸಿದ್ದರೆ ನಡೆಯುತ್ತಿತ್ತು. ಆ ಎರಡು ನಿಮಿಷವನ್ನು ನಿಮ್ಮ ತಮ್ಮ ಕೇಳಿ ಪಡೆಯಬೇಕು.

ಅವನೇ ಕೇಳಬೇಕು, ಅಪ್ಪನಲ್ಲ, ನೀವೂ ಅಲ್ಲ. 19ರ ಹುಡುಗನ ಪರವಾಗಿ ಮನೆಯವರು ಫೋನ್ ಮಾಡಿದರೆ ತಂಡದಲ್ಲಿ ಅವನ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಆಗಿರುವ ಜಗಳಕ್ಕೆ ಅಪ್ಪ ಕ್ಷಮೆ ಕೇಳಿದರೆ ಒಳ್ಳೆಯದು. ಕೇಳಲು ಮನಸ್ಸು ಬರದಿದ್ದರೆ ಬಲವಂತ ಬೇಡ, ಇನ್ನೊಂದು ಫೋನ್ ಹೋಗದಿದ್ದರೆ ಸಾಕು. ನಾನೂ ಅಪ್ಪನೇ. ನನ್ನ ಮಗಳ ಮ್ಯಾಚಿಗೆ ಹೋದರೆ ಬೇಲಿಯಾಚೆ ಮರದ ಮರೆಯಲ್ಲಿ ನಿಲ್ಲುತ್ತೇನೆ, ಬಾಯಿ ತಡೆಯುವುದಿಲ್ಲ ಅಂತ. ಕೋಚ್ ಹತ್ತಿರ ತಮ್ಮ ಕೇಳಬೇಕಾದ್ದು ಇಷ್ಟು: "ಸರ್, ಹಾಫ್‌ನಲ್ಲಿ ಆಡಿಸುತ್ತಿರುವುದು ಕಲಿಯಲಿ ಅಂತಲೋ, ಇನ್ನು ಮುಂದೆ ಅದೇ ನನ್ನ ಜಾಗವೋ? ಮುಂದಿನ ಎರಡು ತಿಂಗಳಲ್ಲಿ ನಾನು ಸರಿ ಮಾಡಿಕೊಳ್ಳಬೇಕಾದ ಒಂದು ವಿಷಯ ಹೇಳಿ." ಕೋಚ್ ನಿರ್ದಿಷ್ಟವಾಗಿ ಏನಾದರೂ ಹೇಳಿದರೆ, ಬೈದೇ ಹೇಳಿದರೂ, ಅಲ್ಲಿ ಇರಬಹುದು. "ನೋಡೋಣ, ಆಡ್ತಾ ಇರು" ಅಂತ ಮೂರು ಸಲವೂ ತೇಲಿಸಿದರೆ ಆ ತಂಡದಲ್ಲಿ ಅವನಿಗೆ ಜಾಗ ಇಲ್ಲ ಎಂದು ಅರ್ಥ. ಪಕ್ಷಪಾತ ನಮ್ಮ ಹಾಕಿಯಲ್ಲಿ ಇಲ್ಲ ಎಂದು ನಾನು ಆಣೆ ಮಾಡಲಾರೆ. ಅದನ್ನು ಗುರುತಿಸುವ ದಾರಿಯೂ ಇದೇ: ಅವನ ಜೊತೆ ಬಂದ ಬೇರೆ ಹೊಸಬರನ್ನು ಹೇಗೆ ನಡೆಸಿಕೊಳ್ಳುತ್ತಿದ್ದಾರೆ ನೋಡಿ. ಎಲ್ಲರಿಗೂ ಇದೇ ಪಾಡಾದರೆ ಅದು ಪದ್ಧತಿ. ಇವನೊಬ್ಬನಿಗೇ ಆದರೆ ಬೇರೇನೋ ಇದೆ.

ಒಂದು ಮಾತು ಅಪ್ಪನ "ಗಟ್ಟಿ ಮಾಡ್ಕೋ" ಬಗ್ಗೆ. ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಯಾರು ಬೇಕಾದರೂ ನಿಪುಣರಾಗಬಹುದು ಅನ್ನುವ ನಂಬಿಕೆ ಎಲ್ಲೆಡೆ ಹಬ್ಬಿದೆ. ಅದರ ಮೂಲ 1993ರಲ್ಲಿ ಮನಶ್ಶಾಸ್ತ್ರಜ್ಞ ಎರಿಕ್ಸನ್ ಮತ್ತು ಸಂಗಡಿಗರು ಪಿಟೀಲು ಕಲಿಯುವವರ ಮೇಲೆ ನಡೆಸಿದ ಅಧ್ಯಯನ. ಆ ಸಂಖ್ಯೆ ಒಂದು ಸರಾಸರಿ ಮಾತ್ರ, ದಾಟಿದರೆ ಬಾಗಿಲು ತೆರೆಯುವ ಗೆರೆಯಲ್ಲ. ಅವರು ಒತ್ತಿ ಹೇಳಿದ್ದು ತಪ್ಪು ಯಾವುದೆಂದು ತಿಳಿದು ತಿದ್ದಿಕೊಳ್ಳುವ ಅಭ್ಯಾಸದ ಬಗ್ಗೆ. ಪಿಟೀಲಿಗೆ ಸೊಂಟ ಮುರಿಯುವುದೂ ಇಲ್ಲ. ನಿಮ್ಮ ತಮ್ಮನಿಗೆ ಆಗುತ್ತಿರುವುದನ್ನು ಹೀಗೆ ಓದುತ್ತೇನೆ: ಸರದಿ ಇಲ್ಲದ್ದರಿಂದ ಗೋಲು ನಿಂತಿತು, ಗೋಲು ನಿಂತಿತೆಂದು ಎಪ್ಪತ್ತು ಫ್ಲಿಕ್ ಶುರುವಾಯಿತು, ಫ್ಲಿಕ್‌ನಿಂದ ಸೊಂಟ ಹಿಡಿಯಿತು, ಸೊಂಟ ಹಿಡಿದವನ ಮೊದಲ ಹೆಜ್ಜೆ ನಿಧಾನವಾಯಿತು, ನಿಧಾನವಾದವನು ತಪ್ಪಾಗದಿರಲಿ ಎಂದು ಚೆಂಡನ್ನು ಬರೀ ಹಿಂದಕ್ಕೆ ಪಾಸ್ ಮಾಡತೊಡಗಿದ, ಅದನ್ನು ನೋಡಿದ ಕೋಚ್ ಇವನಿಗೆ ಧೈರ್ಯ ಸಾಲದು ಎಂದುಕೊಂಡರು. ಇದು ಊಹೆ. ಆದರೆ ಇಂಥ ಸುತ್ತಿನೊಳಗೆ ಸಿಕ್ಕಿಬಿದ್ದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನು ನಿಮ್ಮ ಮುಂದಿರುವ ದಾರಿಗಳು.

ಅಪ್ಪ ಹೇಳುವ ಬೇರೆ ಅಕಾಡೆಮಿ ನನಗೆ ಎಲ್ಲಕ್ಕಿಂತ ಕಡಿಮೆ ಇಷ್ಟವಾದ ದಾರಿ. ಸೊಂಟದ ನೋವೂ, ತಲೆ ಎತ್ತದ ಅಭ್ಯಾಸವೂ ಅವನ ಜೊತೆಗೇ ಬಸ್ ಹತ್ತುತ್ತವೆ. ಅಲ್ಲಿ ಮತ್ತೆ ಸೊನ್ನೆಯಿಂದ ನಂಬಿಕೆ ಗಳಿಸಬೇಕು. ಮಧ್ಯದಲ್ಲಿ ಬಿಟ್ಟು ಬಂದವನು ಅನ್ನುವ ಹೆಸರು ಬೇರೆ.

ಇದ್ದಲ್ಲೇ ಇರುವುದು ಎರಡನೆಯದು. ಒಳ್ಳೆಯವರ ಜೊತೆ ದಿನಾ ಪ್ರಾಕ್ಟೀಸ್ ಸಿಗುತ್ತದೆ, ಇದು ಸಣ್ಣ ಲಾಭವಲ್ಲ. ಅಪಾಯ ಏನೆಂದರೆ ಬೆಂಚಿನ ಮೇಲೆ ಎರಡು ವರ್ಷ ಕಳೆದುಹೋಗಬಹುದು. ಪ್ರಾಕ್ಟೀಸ್ ಎಷ್ಟಾದರೂ ಮ್ಯಾಚಿನ ತಪ್ಪುಗಳು ಕಲಿಸುವುದನ್ನು ಅದು ಕಲಿಸುವುದಿಲ್ಲ. ಅದಕ್ಕೇ ಮೂರನೆಯ ದಾರಿಯನ್ನು ಇದಕ್ಕೆ ಸೇರಿಸಿಕೊಳ್ಳಿ ಅನ್ನುತ್ತೇನೆ: ಅದೇ ತಂಡದಲ್ಲಿ ಇದ್ದುಕೊಂಡು, ಕೋಚ್ ಒಪ್ಪಿಗೆಯಿಂದ, ಪೂರ್ತಿ ಸಮಯ ಆಡಲು ಸಿಗುವ ಕಡೆ ಆಡುವುದು. ವಿಶ್ವವಿದ್ಯಾಲಯದ ತಂಡ, ಲೀಗಿನ ಕೆಳಗಿನ ಡಿವಿಷನ್, ವಯಸ್ಸು ಇನ್ನೂ ಇದ್ದರೆ 21ರೊಳಗಿನ ಕೂಟಗಳು. ಕೆಳಗೆ ಇಳಿದ ಅಂತ ನೆಂಟರು ಅನ್ನುತ್ತಾರೆ. ಲಖನೌ ನೆನಪಿಸಿ. ಇದಕ್ಕೂ ಒಂದು ಅಪಾಯ ಇದೆ. ಎರಡು ಕಡೆ ಆಡಿ ಮೈ ಹಣ್ಣಾಗಬಹುದು. ವೈದ್ಯರು ಪೂರ್ತಿ ಒಪ್ಪಿಗೆ ಕೊಟ್ಟ ಮೇಲಷ್ಟೇ ಈ ಮಾತು.

ಅಮ್ಮ ಹೇಳುವ ಡಿಗ್ರಿ ಹಾಕಿಗೆ ಎದುರು ನಿಲ್ಲುವ ದಾರಿ ಅಲ್ಲವೇ ಅಲ್ಲ. ಅಮ್ಮ ಸರಿಯಾಗಿಯೇ ಹೇಳುತ್ತಿದ್ದಾರೆ, ವಾಪಸ್ ಬರಬೇಕು ಅನ್ನುವುದನ್ನು ಬಿಟ್ಟು. ಬೆಂಗಳೂರಿನಲ್ಲೇ ಇದ್ದು ಪದವಿ ಓದಬಹುದು, ದೂರಶಿಕ್ಷಣವಾದರೂ ಆದೀತು. ಮೂವತ್ತೈದು ದಾಟಿಯೂ ಭಾರತಕ್ಕೆ ಆಡಿದ ಶ್ರೀಜೇಶ್‌ನಂಥವರು ಬೆರಳೆಣಿಕೆಯಷ್ಟು. ಮಿಕ್ಕವರಿಗೆ ಮೂವತ್ತರ ಹೊತ್ತಿಗೆ ಬೇರೆ ಬದುಕು ಶುರುವಾಗುತ್ತದೆ. ಗಾಯದಿಂದ ಮೂರು ತಿಂಗಳು ಕೂರಬೇಕಾಗಿ ಬಂದರೆ ಪುಸ್ತಕ ಹಿಡಿಯಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ದಿನವಿಡೀ ಹಾಕಿಯೊಂದನ್ನೇ ನೆಚ್ಚಿಕೊಂಡ ಹುಡುಗನಿಗೆ ಒಂದು ಕೆಟ್ಟ ಮ್ಯಾಚ್ ಬದುಕೇ ಮುಳುಗಿದಂತೆ ಕಾಣುತ್ತದೆ. ಬೇರೊಂದು ಕೆಲಸ ಕೈಯಲ್ಲಿದ್ದವನು ಬೇಗ ಚೇತರಿಸಿಕೊಳ್ಳುವುದನ್ನು ಗಮನಿಸಿದ್ದೇನೆ.

ಆರು ತಿಂಗಳು ಕೊಡಿ. ವೈದ್ಯರು ಆಡು ಎಂದ ದಿನದಿಂದ ಎಣಿಸಿ. ಆ ಆರು ತಿಂಗಳಲ್ಲಿ ಗೋಲು ಎಣಿಸಬೇಡಿ. ಮ್ಯಾಚಿನ ವಿಡಿಯೊ ಈಗ ಯಾರಾದರೂ ಫೋನಿನಲ್ಲಿ ತೆಗೆಯುತ್ತಾರೆ, ತರಿಸಿಕೊಂಡು ನೀವೇ ಕೂತು ನೋಡಿ, ಹಾಕಿ ಗೊತ್ತಿರಬೇಕಿಲ್ಲ. ಚೆಂಡು ಬರುವ ಮೊದಲು ಎಷ್ಟು ಸಲ ತಲೆ ತಿರುಗಿಸಿ ನೋಡಿದ, ಮೊದಲ ಸ್ಪರ್ಶದಲ್ಲೇ ಎಷ್ಟು ಸಲ ಚೆಂಡು ಕಳೆದುಕೊಂಡ, ಕಳೆದುಕೊಂಡ ಮೇಲೆ ತಲೆ ತಗ್ಗಿಸಿ ನಿಂತನೋ ತಕ್ಷಣ ಹಿಂದೆ ಬಿದ್ದು ಓಡಿದನೋ. ಮೂರೇ ಗೀಟು ಹಾಕಿದರೆ ಸಾಕು. ತಿಂಗಳಿಂದ ತಿಂಗಳಿಗೆ ಅವು ಬದಲಾಗುತ್ತಿದ್ದರೆ ಹುಡುಗ ಬೆಳೆಯುತ್ತಿದ್ದಾನೆ, ಗೋಲು ಬರಲಿ ಬಿಡಲಿ. ಆರು ತಿಂಗಳಾದರೂ ಒಂದೂ ಬದಲಾಗದಿದ್ದರೆ ಆಗ ಕೂತು ಬಿಚ್ಚುಮನಸ್ಸಿನಿಂದ ಮಾತಾಡಿ. ದೇಶಕ್ಕೆ ಆಡದೆ, ಇಲಾಖೆಯ ಕೆಲಸ ಮಾಡಿಕೊಂಡು ಅದರ ತಂಡಕ್ಕೆ ಹತ್ತು ವರ್ಷ ಆಡಿ ನೆಮ್ಮದಿಯಾಗಿರುವವರು ನನ್ನ ಗೆಳೆಯರಲ್ಲೇ ಬಹಳ ಮಂದಿ ಇದ್ದಾರೆ. ಅದು ಸೋಲೆಂದು ಅವರ್ಯಾರಿಗೂ ಅನಿಸಿಲ್ಲ.

ಫೋನಿನಲ್ಲಿ ಮಾತಿಲ್ಲ ಅಂದಿರಿ. ಮ್ಯಾಚ್ ಆದ ರಾತ್ರಿ "ಏನಾಯ್ತು, ಗೋಲು ಬಂತಾ" ಅಂತ ಕೇಳುವುದನ್ನು ಮನೆಯವರೆಲ್ಲ ಒಂದು ತಿಂಗಳು ಬಿಟ್ಟು ನೋಡಿ. ಹಾಕಿ ಬಿಟ್ಟು ಬೇರೆ ಏನಾದರೂ ಮಾತಾಡಿ, ಮನೆಯ ನಾಯಿ, ಮಳೆ, ಯಾರದೋ ಮದುವೆ. ಅವನಾಗಿ ಆಟದ ಮಾತು ತೆಗೆದ ದಿನ ಸುಮ್ಮನೆ ಕೇಳಿಸಿಕೊಳ್ಳಿ. ಆದರೆ ಊಟ ನಿದ್ದೆ ಬಿಟ್ಟಿದ್ದಾನೆ, ಬದುಕೇ ಬೇಡ ಅನ್ನುವ ಧಾಟಿಯ ಮಾತು ಬರುತ್ತಿದೆ ಅಂದರೆ ತಿಂಗಳುಗಟ್ಟಲೆ ಕಾಯಬೇಡಿ, ಕೂಡಲೇ ಅವನಿರುವಲ್ಲಿಗೆ ಹೋಗಿ ಮನೋವೈದ್ಯರ ಬಳಿ ಕರೆದುಕೊಂಡು ಹೋಗಿ.

ಅವನಲ್ಲಿ ಆಟ ಇದೆಯಾ ಎಂದು ಕೇಳಿದ್ದಿರಿ. ನೋಡದೆ ಹೇಳಿದರೆ ನಾನು ಜ್ಯೋತಿಷಿಯಾಗುತ್ತೇನೆ. ಮೊದಲು ಸೊಂಟ ತೋರಿಸಿ. ವೈದ್ಯರ ವರದಿ ಬಂದ ಮೇಲೆ ಮತ್ತೆ ಬರೆಯಿರಿ. ಜೊತೆಗೆ ಒಂದು ಮ್ಯಾಚಿನ ವಿಡಿಯೊ, ಆ 14 ಗೋಲಿನಲ್ಲಿ ಪೆನಾಲ್ಟಿ ಕಾರ್ನರ್‌ನವು ಎಷ್ಟು ಅನ್ನುವ ಲೆಕ್ಕ, ಇವೆರಡನ್ನೂ ಕಳಿಸಿ.